ಕುಡಿಯದವರ ಲಿವರ್

ಲಿವರ್ ಕಾಯಿಲೆ ನೋಡುವ ಡಾಕ್ಟರಿಗೆ ಸವದತ್ತಿಯಲ್ಲಿ ನಗುವಿಗೆ ಬರಗಾಲವಿಲ್ಲ. ನಕ್ಕು ಮುಗಿದ ಮೇಲೆ ಎದೆಯಲ್ಲಿ ಏನೋ ಉಳಿದುಬಿಡುತ್ತದೆ, ಅದೇ ತೊಂದರೆ. ಮನೋಳಿಯ ಒಂದು ರೈತ ದಂಪತಿಯಿಂದ ನನಗೆ ಎರಡೂ ಧಾರಾಳವಾಗಿ ಸಿಕ್ಕಿವೆ.

೧. ಮೂಗಿನ ಪರೀಕ್ಷೆ

ಹೆಂಡತಿಗೆ ಮೈಯೆಲ್ಲ ತುರಿಕೆ, ಚರ್ಮದ ಮೇಲೆ ಒಂದು ಗುಳ್ಳೆಯೂ ಇಲ್ಲ. ಪರೀಕ್ಷೆ ಮಾಡಿಸಿ, "ಲಿವರಿನೊಳಗ ಪಿತ್ತನಾಳಕ್ಕ ಬಾಳ ದಿನದ ಬಾವು ಐತ್ರಿ" ಎಂದೆ. ಲಿವರ್ ಕೆಟ್ಟರೆ ಕುಡಿತವೇ ಎಂದು ನಮ್ಮ ಕಡೆ ಲೆಕ್ಕ. ಹಣೆತುಂಬ ವಿಭೂತಿ ಹಚ್ಚಿದ್ದ ಗಂಡ ಮೆಲ್ಲಗೆ ಹೆಂಡತಿಯ ಕಡೆ ವಾಲಿ ಮೂಸಿ ನೋಡಿದರು.

"ಏನ್ ವಾಸನಿ ಬಂತ್ರಿ?" ಎಂದು ಆಕೆ ಕೇಳಿದರು.

"ಒಗ್ಗರಣಿದು."

ನಾನು ನಕ್ಕೆ. ಆಕೆ ನಗಲಿಲ್ಲ. "ಊರ ಮಂದಿ ಅಂದ್ರ ತಡಕೋತೇನ್ರಿ ಡಾಕ್ಟ್ರ. ಇವ್ರಽ ನಂಬಲಿಲ್ಲಂದ್ರ ಹೆಂಗ ಬಾಳೂದು?" ಎಂದರು. ಕುಡಿಯದವರಿಗೂ ಈ ರೋಗ ಬರುತ್ತದೆ ಎಂದು ನಾನು ವಿವರಿಸಿದಷ್ಟೂ ಗಂಡನ ತಲೆ ತಗ್ಗುತ್ತ ಹೋಯಿತು.

೨. ಯಾರಿಗೆ ಕಾಮಣಿ?

ಮುಂದಿನ ಸಲ ನನಗೇ ದಿಗಿಲು. ಕಾಮಾಲೆ ಏರಿದವರ ಹಾಗೆ ಗಂಡ ಹೆಂಡತಿ ಇಬ್ಬರೂ ಹಳದಿ! ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಮುಖದ ತುಂಬ ದೇವಿಯ ಭಂಡಾರದ ಅರಿಶಿನ ಹಚ್ಚಿಕೊಂಡು ನೆಟ್ಟಗೆ ದವಾಖಾನೆಗೆ ಬಂದಿದ್ದರು.

"ಕಾಮಣಿ ಏರೈತೋ ಇಲ್ಲೋ ಹೆಂಗ ನೋಡ್ಲಿರಿ? ಮುಖ ತೊಳಕೊಂಡ ಬರ್ರಿ" ಎಂದು ರೇಗಿದೆ.

"ಕಣ್ಣಾಗ ಹಚ್ಚಿಲ್ರಿ, ಅಲ್ಲೇ ನೋಡ್ರಿ" ಎಂದರು ಗಂಡ.

ತೆಪ್ಪಗೆ ಕಣ್ಣು ನೋಡಿದೆ.

೩. ಜೋಳದ ಹೊಲದ ಕಾವಲು

"ಗುಳ್ಳಿ ಇಲ್ಲದ ತುರಿಕಿ ಎಲ್ಲಿಂದ ಬರತೈತ್ರಿ?" ಎಂದು ಅವತ್ತೇ ಗಂಡ ಕೇಳಿದರು. ಮಾಸ್ಟ್ ಎಂಬ ಜೀವಕೋಶಗಳ ಬಗ್ಗೆ ಹೇಳಿದೆ. ಅವು ಮೈ ಕಾಯುವ ಕಾವಲುಗಾರರು, ಜೋಳದ ಹೊಲದಲ್ಲಿ ಅಟ್ಟಣಿಗೆ ಏರಿ ಹಕ್ಕಿಗೆ ಕವಣೆ ಬೀಸುವವನ ಹಾಗೆ. ಲಿವರ್ ರೋಗ ಹಳೆಯದಾದಾಗ ಅವು ಪಿತ್ತನಾಳದ ಸುತ್ತ ಗುಂಪುಗೂಡಿ, ಹಕ್ಕಿ ಇಲ್ಲದಿದ್ದರೂ ಕಲ್ಲು ಬೀಸುತ್ತವೆ. ಅವು ಹೊರಬಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಅಂಥದೊಂದು ಕಲ್ಲು. ಏಟು ಬೀಳುವುದು ನಮ್ಮದೇ ತೆನೆಗೆ. ಬಾವು ಹೆಚ್ಚುತ್ತದೆ, ಲಿವರ್ ಗಡುಸಾಗುತ್ತದೆ, ತುರಿಕೆಯಲ್ಲೂ ಇವುಗಳ ಕೈ ಇರಬಹುದು.

"ಹಂಗಾರ ಅವನ್ನ ಕೆಲಸದಿಂದ ತಗೀರಿ."

"ತಗದ್ರ, ಖರೇ ಹಕ್ಕಿ ಬಂದಾಗ ಯಾರ ಕಾಯಬೇಕ್ರಿ? ಅವಕ್ಕ ಸಮಾಧಾನ ಹೇಳೂ ಔಷಧ ಇನ್ನೂ ಹುಡಕಾಕ ಹತ್ಯಾರ."

ಹೆಂಡತಿ ನಿಟ್ಟುಸಿರು ಬಿಟ್ಟರು. "ಸಿಕ್ಕರ ಇವ್ರಿಗೂ ಒಂದ ಡೋಸ್ ಕೊಡ್ರಿ. ಇವ್ರೂ ಹಕ್ಕಿ ಇಲ್ಲದಽ ಕಲ್ಲ ಬೀಸ್ತಾರ."

೪. ದಿನಕ್ಕೆ ಎಷ್ಟು?

ಹೋದ ತಿಂಗಳು ಆಕೆಯ ಅಣ್ಣ ಬೈಲಹೊಂಗಲದಿಂದ ಬಂದು, ತಂಗಿಯ ಗಂಡನನ್ನು ರಟ್ಟೆ ಹಿಡಿದು ತಂದು ನನ್ನ ಮುಂದೆ ಕೂರಿಸಿದರು. "ಇವ್ರ ಕುಡಿತ ಬಿಡಸ್ರಿ ಡಾಕ್ಟ್ರ. ಊರಾಗೆಲ್ಲಾ ಸುದ್ದಿ ಆಗೈತಿ."

ನಾನು ಬೆರಗಾಗಿ, ಅವರ ಹಿಂದೆಯೇ ಬಂದಿದ್ದ ಹೆಂಡತಿಯನ್ನು ನೋಡಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಫೋನು ಬಂತೆಂದು ಅಣ್ಣ ಹೊರಗೆ ಹೋದಾಗ ಆಕೆ ಸಂಗತಿ ಹೇಳಿದರು. ಮನೆಯಲ್ಲಿ ಲಿವರಿನ ಗುಳಿಗೆ ಕಂಡವರಿಂದ, ಮನೋಳಿಯಲ್ಲಿ ಆಕೆಯೇ ಕುಡಿಯುತ್ತಾಳೆಂಬ ಗುಸುಗುಸು ಎದ್ದಿತ್ತು. ಈ ಪುಣ್ಯಾತ್ಮ ಗುಡಿಕಟ್ಟೆಯ ಮೇಲೆ ನಿಂತು, "ಆ ಗುಳಿಗಿ ನಂದು, ಲಿವರ್ ಕೆಟ್ಟಿದ್ದು ನಂದು, ಕುಡ್ಯಾಂವ ನಾನು" ಎಂದು ಸಾರಿಬಿಟ್ಟಿದ್ದರು.

ಅಣ್ಣ ಒಳಗೆ ಬಂದರು. ನಾನು ಮುಖ ಗಂಟಿಕ್ಕಿಕೊಂಡು ಕೇಳಿದೆ: "ದಿನಾ ಎಷ್ಟ ಕುಡೀತೀರಿ?"

ಜನ್ಮದಲ್ಲಿ ಒಂದು ಹನಿ ಮುಟ್ಟದ ಆ ಮನುಷ್ಯ ತಬ್ಬಿಬ್ಬಾದರು. ಮೇಜಿನ ಮೇಲೆ ಬಾಗಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಎಷ್ಟಂದ್ರ ನಂಬ್ತಾರ್ರಿ?"