ಒಂದೂವರೆ ಗಂಟೆಯ ದಾರಿ

"ಇಲ್ಲಿಂದ ಅಲ್ಲಿಗೆ ಎಷ್ಟು ದೂರ?"

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ಗುಮಾಸ್ತ ಕೇಳಿದ್ದು ಬಚ್ಚಲ ಗೋಡೆಯನ್ನು. ಗೋಡೆ ಏನು ಹೇಳೀತು?

ದೂರದ ನಗರದಲ್ಲಿ ಮಾವನಿಗೆ ಉಸಿರು ಮೇಲೆ ಕೆಳಗೆ ಆಗುತ್ತಿದೆ, ತಾನು ಅಲ್ಲಿಗೆ ಹೊರಟಿದ್ದೇನೆ ಎಂದು ನಿನ್ನೆ ಮ್ಯಾನೇಜರರಿಗೆ ಹೇಳಿ ರಜೆ ಪಡೆದಿದ್ದ. ಆ ಮಾವ ಹೋದ ವಾರವೇ ತಮ್ಮ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದು, ಈಗ ನಡುಮನೆಯಲ್ಲಿ ಕೇರಂ ಬೋರ್ಡಿಗೆ ಪೌಡರ್ ಹಾಕುತ್ತ ಅಳಿಯನಿಗಾಗಿ ಕಾಯುತ್ತಿದ್ದರು. ಹಲ್ಲುಜ್ಜುವಾಗಲೇ ಬಂದಿತ್ತು ಮ್ಯಾನೇಜರರ ಫೋನು.

"ಗುತ್ತಿಗೆಗೆ ಸಹಿ ಹಾಕೋಕೆ ಬಂದಿದ್ದೀನ್ರೀ. ಆಫೀಸಿನ ಮೊಹರು ನಿಮ್ಮ ಹತ್ರ ಇದೆಯಾ?"

ಮೊಹರನ್ನು ಯಾರನ್ನೂ ನಂಬಿ ಬಿಡದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುವುದು ಗುಮಾಸ್ತನ ಅಭ್ಯಾಸ. "ಇದೆ ಸಾರ್." ಸತ್ಯ ಬಾಯಿಂದ ಜಾರಿತು.

"ಬದುಕಿದೆ! ನಿಮ್ಮ ಮಾವನ ಊರಲ್ಲೇ ಇದ್ದೀನಿ. ನಾಲ್ಕಕ್ಕೆ ಹೋಟೆಲಿಗೆ ತನ್ನಿ. ಇಲ್ಲಾಂದ್ರೆ ಗುತ್ತಿಗೆ ಹೋಯ್ತು, ನಿಮ್ಮ ಕೆಲಸಾನೂ ಹೋಯ್ತು."

ಸಂಗತಿ ಕೇಳಿದ ಮಾವ ತಲೆಯಾಡಿಸಿದರು. "ರೈಲಲ್ಲಿ ಒಂದು ಹಗಲು ಒಂದು ರಾತ್ರಿ, ಅಳಿಯಂದ್ರೇ. ನಾಳೆ ತಲುಪ್ತೀರಿ."

"ಸುಳ್ಳಿಗೆ ಕಾಲಿಲ್ಲ ಅಂತಾರೆ. ನಿಮ್ಮದಕ್ಕೆ ರೆಕ್ಕೆ ಬೇಕಾಯ್ತು ನೋಡಿ," ಎಂದಳು ಹೆಂಡತಿ.

ಗದ್ದಲ ಕೇಳಿ ಮಹಡಿಯ ಭೂಗೋಳದ ಮೇಷ್ಟ್ರು ನಕ್ಷೆ ಹಿಡಿದು ಇಳಿದರು. ಎರಡೂ ಊರಿನ ನಡುವೆ ದಾರ ಎಳೆದು ಘೋಷಿಸಿದರು: "ಒಂಬೈನೂರು ಕಿಲೋಮೀಟರು. ವಿಮಾನದಲ್ಲಿ ಒಂದೂವರೆ ಗಂಟೆ. ಊಟ ಮುಗಿಸ್ಕೊಂಡೇ ಹೊರಡಿ!"

ಬಾಗಿಲಲ್ಲಿ ನಿಂತಿದ್ದ ಎದುರುಮನೆಯ ಕ್ಷೌರಿಕ ನಕ್ಕ. "ಮೇಷ್ಟ್ರೇ, ನಿಮ್ಮ ದಾರ ಕ್ಯೂನಲ್ಲಿ ನಿಲ್ಲುತ್ತಾ? ಹತ್ತಿ ಸ್ವಾಮಿ ಸ್ಕೂಟರು!"

ಸ್ಕೂಟರು ಅರ್ಧ ದಾರಿಯಲ್ಲಿ ಹಟ ಹಿಡಿದ ಎಮ್ಮೆಯಂತೆ ನಿಂತಿತು. ಇಬ್ಬರೂ ತಳ್ಳಿದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿತ್ತಾಳೆಯ ಮೊಹರು ಕೀಂಯ್ ಎಂದಿತು. ಇದೇನೆಂದು ಕಾವಲುಗಾರ ಗದರಿದಾಗ ಗುಮಾಸ್ತ ತನ್ನ ಅಂಗೈಗೇ ಒತ್ತಿ ತೋರಿಸಬೇಕಾಯಿತು. ವಿಮಾನವೇನೋ ಒಂದೂವರೆ ಗಂಟೆಯಲ್ಲೇ ಮಾವನ ಊರ ಮೇಲೆ ಬಂತು. ಆದರೆ ಇಳಿಯಲು ಜಾಗವಿಲ್ಲವೆಂದು, ಪದ್ಯದ ಕೊನೆಯ ಸಾಲು ಮರೆತ ಹಾಡುಗಾರ ಹಿಂದಿನ ಸಾಲನ್ನೇ ತಿರುತಿರುಗಿ ಹಾಡುವಂತೆ, ಸುತ್ತತೊಡಗಿತು. ಗುಮಾಸ್ತ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದ.

ಅಂತೂ ನಾಲ್ಕು ಹೊಡೆಯುವ ಮುಂಚೆ ಏದುಸಿರು ಬಿಡುತ್ತ ಹೋಟೆಲು ಸೇರಿದ. ಮೊಹರು ಬಿತ್ತು, ಗುತ್ತಿಗೆ ಉಳಿಯಿತು, ಕೆಲಸವೂ ಉಳಿಯಿತು. ಮ್ಯಾನೇಜರರ ಕಣ್ಣು ತೇವವಾಯಿತು.

"ಸಾಯೋ ಮಾವನ್ನ ಬಿಟ್ಟು ಓಡಿ ಬಂದ್ರಲ್ರೀ! ನಾನೂ ಮನುಷ್ಯ. ಹಣ್ಣು ತರಿಸಿದ್ದೀನಿ. ಈ ಗುತ್ತಿಗೆಯವರ ಜೊತೆ ಊಟ ಮುಗಿಸಿ ರಾತ್ರಿ ನಿಮ್ಮ ಮಾವನ ಮನೆಗೇ ಹೋಗೋಣ. ಅವರ ಮುಖ ನೋಡದೆ ನಾನು ಊರು ಬಿಡಲ್ಲ."

ಗುಮಾಸ್ತ ಬಚ್ಚಲಿಗೆ ಓಡಿ ಮನೆಗೆ ಫೋನು ಹಚ್ಚಿದ.

"ಮಾವಾ, ನಿಮ್ಮ ಕಾಲಿಗೆ ಬೀಳ್ತೀನಿ. ಬರೀ ಒಂದೂವರೆ ಗಂಟೆ! ಈಗಲೇ ವಿಮಾನ ಹತ್ತಿ ಬಂದು, ನಿಮ್ಮ ಮನೇಲಿ ಮಂಚದ ಮೇಲೆ ಮಲಗಿಬಿಡಿ."

ಆ ಕಡೆ ಕೇರಂ ಕಾಯಿ ಟಪ್ಪೆಂದು ಗುಳಿಗೆ ಬಿದ್ದ ಸದ್ದು.

"ಸಾಯೋ ಮುದುಕನ್ನ ಯಾರಾದ್ರೂ ವಿಮಾನ ಹತ್ತಿಸ್ತಾರಾ, ಅಳಿಯಂದ್ರೇ?" ಎಂದರು ಮಾವ. "ನಾ ಬರಲ್ಲ."