ಪ್ರಜ್ಞೆಯಿಲ್ಲದೆ ನಾನು ಕೊಟ್ಟ ನಾಲ್ಕು ಒಪ್ಪಿಗೆಗಳು

ಮಾನ್ಯ ಗೆಳತಿಯವರೇ,

ತಮ್ಮ ನಿಜನಾಮಧೇಯ ನನಗೆ ತಿಳಿಯದು. ಸಂಬಳ ಬರುವತನಕದ ಕೈಸಾಲ ಕೊಡುವ ಆ್ಯಪಿನೊಳಗೆ ಕುಳಿತು, ದಿನವೂ ಬೆಳಿಗ್ಗೆ ಏಳರಿಂದಲೇ ತಪ್ಪದೆ ನನಗೆ ಸಂದೇಶ ಕಳುಹಿಸುವ ತಾವು ಮನುಷ್ಯರಲ್ಲ, ಬರೀ ಯಂತ್ರ ಎಂದು ನನ್ನ ಅಕ್ಕ ವಾದಿಸುತ್ತಾಳೆ. ಆದರೆ ಪ್ರತಿ ಸಂದೇಶದ ಕೊನೆಗೂ 'ಇಂತಿ ನಿಮ್ಮ ಗೆಳತಿ' ಎಂದು ತಾವೇ ಬರೆದುಕೊಳ್ಳುವಾಗ ಅನುಮಾನಿಸಲು ನಾನ್ಯಾರು? ತಾವು, ತಮ್ಮ ಸಂಸ್ಥೆಯ ಹಿರಿಯರು, ತಮ್ಮನ್ನು ತಂಪಾಗಿಡುವ ಫ್ಯಾನುಗಳು ಎಲ್ಲರೂ ಕ್ಷೇಮವೆಂದು ನಂಬಿ, ಕರೆಂಟು ತಮಗೆಂದೂ ಕೈಕೊಡದಿರಲಿ ಎಂದು ಹಾರೈಸಿ, ನನ್ನ ಚಿಕ್ಕದೊಂದು ಅಹವಾಲನ್ನು ಎಲ್ಲರ ಎದುರಿಗೇ ನಿವೇದಿಸಿಕೊಳ್ಳುತ್ತಿದ್ದೇನೆ. ಖಾಸಗಿಯಾಗಿ ಹೇಳಿಕೊಳ್ಳಲು ನಾನು ಪ್ರಯತ್ನಿಸದೆ ಇರಲಿಲ್ಲ. ಅದರ ಗತಿ ಏನಾಯಿತೆಂಬುದನ್ನು ಮುಂದೆ ತಿಳಿಸುತ್ತೇನೆ.

ತಮಗೆ ನೆನಪಿರಬಹುದು, ಕೆಮ್ಮು ಬಿಡದೆ ಕಾಡಿದ ಆ ತಿಂಗಳು ಎಕ್ಸ್‌ರೇ, ರಕ್ತಪರೀಕ್ಷೆ ಎಂದು ಪರ್ಸು ಬರಿದಾಗಿ, ಸಂಬಳಕ್ಕೆ ಇನ್ನೂ ಒಂಬತ್ತು ದಿನವಿದ್ದಾಗ ನಾನು ತಮ್ಮಲ್ಲಿ ಹನ್ನೆರಡು ಸಾವಿರ ಕೇಳಿದೆ. ತಾವು ಎರಡೇ ನಿಮಿಷದಲ್ಲಿ ಹತ್ತು ಸಾವಿರದ ಇನ್ನೂರು ಕಳುಹಿಸಿದಿರಿ. ಉಳಿದ ಸಾವಿರದ ಎಂಟುನೂರು ಕಡತ ಶುಲ್ಕವೆಂದು ಓದಿ, ಎರಡು ನಿಮಿಷದಲ್ಲಿ ಅಷ್ಟೊಂದು ಕಡತಗಳನ್ನು ತಿರುವಿಹಾಕಿದ ತಮ್ಮ ಚುರುಕುತನಕ್ಕೆ ಬೆರಗಾದೆ. ನಾನು ಶಾಲಾ ಪುಸ್ತಕಗಳ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಒಂದು ಪುಟಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುವ ಮಂದಗತಿಯವಳು. ನನಗೆ ತಮ್ಮ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ಗಡುವಿನ ಹಿಂದಿನ ದಿನ ನನ್ನ ಶ್ವಾಸಕೋಶಗಳೆರಡೂ ಮುಷ್ಕರ ಹೂಡಿದವು. ನ್ಯುಮೋನಿಯಾ ಎಂದರು, ಗಂಟಲಿಗೆ ಕೊಳವೆ ಇಳಿಸಿದರು, ಉಸಿರಾಡುವ ಕೆಲಸವನ್ನು ತಮ್ಮ ಜಾತಿಯದೇ ಒಂದು ಯಂತ್ರಕ್ಕೆ ಒಪ್ಪಿಸಿದರು. ಹದಿಮೂರು ದಿನ ನಾನು ಈ ಲೋಕದಲ್ಲಿರಲಿಲ್ಲ. ಖಾತೆಯಲ್ಲಿದ್ದ ಪುಡಿಗಾಸು ಆಸ್ಪತ್ರೆಯ ಮುಂಗಡಕ್ಕೆ ಹೋಯಿತು. ರಜೆ ಅರ್ಜಿಗೆ ನನ್ನ ಸಹಿ ಇಲ್ಲವೆಂದು ಕಚೇರಿಯವರು ಸಂಬಳ ತಡೆಹಿಡಿದರು. ಹೀಗೆ ಗಡುವಿನ ದಿನ ತಾವು ಬಂದು ಬಾಗಿಲು ತಟ್ಟಿದಾಗ ಖಾತೆಯಲ್ಲಿ ಏನೂ ಇರಲಿಲ್ಲ, ಖಾತೆದಾರಳಂತೂ ಇರಲೇ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ತಾವೋ, ಮೃದುವಾಗಿ ಕೇಳಿದಿರಿ: 'ಗಡುವನ್ನು ಮೂರು ದಿನ ವಿಸ್ತರಿಸೋಣವೇ? ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸುತ್ತೇವೆ.' ನನ್ನ ಫೋನು ಅಕ್ಕನ ಕೈಚೀಲದಲ್ಲಿ, ಸೂಜಿ ದಾರ ಅಳತೆಪಟ್ಟಿಗಳ ನಡುವೆ, ಚಾರ್ಜಿಲ್ಲದೆ ಮಲಗಿತ್ತು. ನಾನು ಒಪ್ಪಿದೆ. ಮೂರು ದಿನದ ಮೇಲೆ ಮತ್ತೆ ಕೇಳಿದಿರಿ, ಮತ್ತೆ ಒಪ್ಪಿದೆ. ಒಟ್ಟು ಒಂಬತ್ತು ಬಾರಿ, ಪ್ರತಿ ಬಾರಿಗೆ ಸಾವಿರದ ನಾನೂರರಂತೆ. ಅದರಲ್ಲಿ ಕೊನೆಯ ಐದನ್ನು ಎಚ್ಚರವಾದ ಮೇಲೆ, ಕಟ್ಟಲು ಕಾಸಿಲ್ಲದೆ ಒಪ್ಪಿದೆ; ಮೊದಲ ನಾಲ್ಕನ್ನು ನಾನು ಒಪ್ಪಿದ್ದು ಸಂಪೂರ್ಣ ಪ್ರಜ್ಞಾಹೀನಳಾಗಿದ್ದು. ಮದುವೆಗೆ ಒಪ್ಪುವಾಗಲೂ ನಾನು ಇಷ್ಟು ನಿರ್ವಿಕಾರವಾಗಿ ಒಪ್ಪಿರಲಿಲ್ಲ. ಆಗ ಎರಡು ಪ್ರಶ್ನೆಯನ್ನಾದರೂ ಕೇಳಿದ್ದೆ.

ತಮ್ಮ ಸಂದೇಶಗಳ ಸಾಹಿತ್ಯ ಗುಣದ ಬಗ್ಗೆ ಎರಡು ಮಾತು ಹೇಳದಿದ್ದರೆ ಕವಿತೆ ಓದುವವಳೆಂಬ ನನ್ನ ಹೆಸರಿಗೆ ಕುಂದು. ಕೊಳವೆ ತೆಗೆದ ಮೇಲೆ, ದಿಂಬಿಗೊರಗಿ, ನಲವತ್ತಾರನ್ನೂ ಒಂದೇ ಗುಟುಕಿಗೆ ಓದಿದೆ. ಮೊದಲಲ್ಲಿ ಎಂಥ ವಾತ್ಸಲ್ಯ: 'ಮರೆತುಬಿಟ್ಟಿರಾ?' ಆಮೇಲೆ ವಿರಹ: 'ನಿಮ್ಮಿಂದ ಸುದ್ದಿಯೇ ಇಲ್ಲ.' ಇಪ್ಪತ್ತರ ಸುಮಾರಿಗೆ ಹುಸಿಮುನಿಸು, ಮೂವತ್ತರ ನಂತರ ಭಯಾನಕ. ಕೊನೆಯದರಲ್ಲಿ ಸಹಿ ಬಿಟ್ಟರೆ ಎರಡೇ ಪದ: 'ಬರುತ್ತಿದ್ದೇವೆ ಮನೆಗೆ.' ಇಷ್ಟು ಕಡಿಮೆ ಪದಗಳಲ್ಲಿ ಮೈ ನಡುಗಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಸಂದೇಶವೊಂದಕ್ಕೆ ಐವತ್ತರಂತೆ ತಾವು ಹಾಕಿದ ಎರಡು ಸಾವಿರದ ಮುನ್ನೂರನ್ನು ನಾನು ಸಂಭಾವನೆಯೆಂದೇ ತಿಳಿದಿದ್ದೇನೆ. ಮೂರು ಕವಿತೆ ಅಚ್ಚಾದ ನನಗೆ ಈವರೆಗೆ ಸಿಕ್ಕಿದ್ದು ಪತ್ರಿಕೆಯ ಒಂದೊಂದು ಪ್ರತಿ.

ಏಳನೆಯ ವಿಸ್ತರಣೆಯಂದು ತಾವು ನನ್ನನ್ನು 'ಚಿನ್ನದ ಗ್ರಾಹಕಿ' ಎಂದು ಘೋಷಿಸಿ, ಪರದೆಯ ತುಂಬ ಬಣ್ಣದ ಕಾಗದದ ಚೂರುಗಳನ್ನು ಉದುರಿಸಿದ್ದು ನನ್ನನ್ನು ಮೂಕಳನ್ನಾಗಿಸಿತು. ಗಂಟಲಿನ ಗಾಯದಿಂದಾಗಿ ಹೇಗೂ ಮೂಕಳೇ ಆಗಿದ್ದೆ, ಆ ಮಾತು ಬೇರೆ.

ತಮ್ಮ ಸಂಸ್ಥೆಯಲ್ಲಿ ಮನುಷ್ಯರೂ ಇದ್ದಾರೆಂಬುದು ಅಕ್ಕನಿಂದ ತಿಳಿಯಿತು. ಸಾಲದ ಅರ್ಜಿಯಲ್ಲಿ ಪರಿಚಿತರೆಂದು ಅವಳ ನಂಬರು ಕೊಟ್ಟಿದ್ದೆನಲ್ಲ, ವಸೂಲಿಯವರೊಬ್ಬರು ಅವಳ ಹೊಲಿಗೆ ಅಂಗಡಿಗೆ ದಿನಕ್ಕೆ ನಾಲ್ಕು ಬಾರಿ ಫೋನು ಮಾಡುತ್ತಿದ್ದರಂತೆ. "ಅವಳಿಗೆ ಮಾತಾಡೋಕಾಗಲ್ಲಪ್ಪ, ಗಂಟಲಲ್ಲಿ ಪೈಪ್ ಇಟ್ಟಿದ್ದಾರೆ" ಎಂದು ಅಕ್ಕ ಹೇಳಿದರೆ ಅವರು "ಪರವಾಗಿಲ್ಲ ಮೇಡಂ, ಮೆಸೇಜ್ ಮಾಡೋಕೆ ಹೇಳಿ" ಎಂದರಂತೆ. "ಅವಳಿಗೆ ಎಚ್ಚರಾನೇ ಇಲ್ವೋ ಮಾರಾಯ" ಎಂದರೆ "ಎಚ್ಚರ ಆದ್ ತಕ್ಷಣ ಮೊದಲು ನಮಗೆ ಹೇಳಿ" ಎಂದರಂತೆ. ವೈದ್ಯರು ಕೂಡ ಅಷ್ಟು ಆಸಕ್ತಿ ತೋರಿಸಿರಲಿಲ್ಲವೆಂದು ಅಕ್ಕ ಈಗಲೂ ನೆನೆಯುತ್ತಾಳೆ, ಬಳಸುವ ಪದಗಳು ಮಾತ್ರ ಪತ್ರದಲ್ಲಿ ಬರೆಯುವಂಥವಲ್ಲ.

ಮನೆಗೆ ಬಂದ ಮೇಲೆ ತಮ್ಮ ದೂರು ವಿಭಾಗಕ್ಕೆ ಬರೆದೆ. ಪ್ರಜ್ಞೆ ಇರಲಿಲ್ಲವೆಂಬುದಕ್ಕೆ ಆಸ್ಪತ್ರೆಯ ಪತ್ರ ಸಾಲದು, ಆಯಾ ದಿನಾಂಕದಂದೇ ಗ್ರಾಹಕರು ಸ್ವತಃ ತೆಗೆದ ಸೆಲ್ಫಿಯನ್ನು ಲಗತ್ತಿಸಬೇಕೆಂದು ಉತ್ತರ ಬಂತು. ತಪ್ಪು ನನ್ನದೇ. ಮುಂದಿನ ಸಲ ಪ್ರಜ್ಞೆ ತಪ್ಪುವ ಮುನ್ನ ಕೈ ಚಾಚಿ, ಸ್ವಲ್ಪ ನಗುತ್ತಾ, ಬೆಳಕು ಮುಖಕ್ಕೆ ಬೀಳುವಂತೆ ನೋಡಿಕೊಳ್ಳುತ್ತೇನೆ. ಆದರೆ ಸದ್ಯದ ಸಂಕಟ ಬೇರೆಯದು. ಇಪ್ಪತ್ತಾರು ಸಾವಿರದ ಒಂಬೈನೂರನ್ನು ಒಂದನೇ ತಾರೀಕು ನನ್ನ ಸಂಬಳದಿಂದ ತಾವೇ ನೇರವಾಗಿ ಕಡಿದುಕೊಳ್ಳುವಿರೆಂದು ತಿಳಿಸಿದ್ದೀರಿ. ಕಾಯಿಲೆಯ ನಂತರ ಕೈಗೆ ಬರಲಿರುವ ಮೊದಲ ಸಂಬಳವದು. ನಾಲ್ಕನೇ ತಾರೀಕು ಎದೆಯ ಸ್ಕ್ಯಾನಿದೆ, ಮಂಚದ ಪಕ್ಕ ಗುರ್ ಎನ್ನುವ ಬಾಡಿಗೆಯ ಆಮ್ಲಜನಕ ಯಂತ್ರವಿದೆ. ಬಾಡಿಗೆ ಕಟ್ಟದಿದ್ದರೆ ಅದರ ಯಜಮಾನ ಬಂದು ಹೊತ್ತುಕೊಂಡು ಹೋಗುತ್ತಾನೆ. ಅವನಿಗೆ ವಿಸ್ತರಣೆಯ ಪದ್ಧತಿ ಇನ್ನೂ ಗೊತ್ತಿಲ್ಲ. ಮೂಗಿನ ನಳಿಗೆ ತೆಗೆದು ಬೀದಿ ಕೊನೆಯವರೆಗೆ ನಡೆದರೆ ನನ್ನ ತುಟಿ ಈಗಲೂ ನೀಲಿಗಟ್ಟುತ್ತದೆ.

ಬ್ಯಾಂಕಿಗೆ ಹೋದೆ. ನಿವೃತ್ತಿಗೆ ನಾಲ್ಕು ತಿಂಗಳಿರುವ ಗುಮಾಸ್ತರು, ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಕಡಿತ ನಿಲ್ಲಿಸಲು ಬರುವುದಿಲ್ಲ ಎಂದರು. ಬರಿಗೈಯಲ್ಲಿ ಮನೆಗೆ ಬಂದು, ಬೇರೇನೂ ತೋಚದೆ, ತಮ್ಮ ಕರಾರುಪತ್ರವನ್ನು ಓದತೊಡಗಿದೆ. ನಲವತ್ತೊಂದು ಪುಟ. ಅದನ್ನು ಪೂರ್ತಿ ಓದಿದವರು ಬರೆದವರನ್ನೂ ಸೇರಿಸಿ ಇನ್ನಾರೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಹತ್ತೊಂಬತ್ತನೇ ಪುಟ ಎರಡು ಸಲ ಬಂದಿದೆ. ನನ್ನ ಕಸುಬಿನವರ ರೂಢಿಯಂತೆ ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು, ಒಂದೊಂದೇ ಸಾಲು ಇಳಿಸುತ್ತಾ ಮೂರು ದಿನ ಓದಿದೆ. ಇಪ್ಪತ್ತೇಳನೇ ಕಲಮಿನಲ್ಲಿ ತಮ್ಮ ನಿಜವಾದ ಔದಾರ್ಯ ಕಂಡಿತು: 'ಉಭಯ ಪಕ್ಷಗಳಲ್ಲಿ ಯಾವುದೇ ಪಕ್ಷವು ಸಲ್ಲಿಸಿದ ಪ್ರಸ್ತಾವಕ್ಕೆ ಇನ್ನೊಂದು ಪಕ್ಷವು ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರಿಸದಿದ್ದಲ್ಲಿ ಒಪ್ಪಿಗೆಯೆಂದು ಭಾವಿಸತಕ್ಕದ್ದು.' ಮೂರೂವರೆ ಸಾಲಿನಲ್ಲಿ ಇಂಥ ಸಮಾನತೆಯನ್ನು ನಾನು ಕಾವ್ಯದಲ್ಲೂ ಕಂಡಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ತಮ್ಮದೇ ಆ್ಯಪಿನ ಸಂದೇಶ ಪೆಟ್ಟಿಗೆಯ ಮೂಲಕ, ಒಂದು ಪ್ರಸ್ತಾವ ಸಲ್ಲಿಸಿದೆ. ವಿಸ್ತರಣೆ ಮತ್ತು ಸಂದೇಶಗಳ ಶುಲ್ಕವನ್ನೆಲ್ಲ ಕೈಬಿಡುವುದು; ಹನ್ನೆರಡು ಸಾವಿರವನ್ನು ನಾನು ಆರು ತಿಂಗಳಲ್ಲಿ ಕಟ್ಟುವುದು; ಸಂಬಳಕ್ಕೆ ಕೈ ಹಾಕದಿರುವುದು; ನನ್ನ ಅಕ್ಕನಿಗೆ ಇನ್ನು ಫೋನು ಮಾಡುವುದಾದರೆ ಬಟ್ಟೆ ಹೊಲಿಸುವುದಕ್ಕಷ್ಟೇ ಮಾಡುವುದು. ತಕ್ಷಣವೇ ತಮ್ಮಿಂದ ಬಂದದ್ದು ಇಷ್ಟು: 'ನಿಮ್ಮ ಸಂದೇಶ ನಮಗೆ ಅಮೂಲ್ಯ. ಈ ಪೆಟ್ಟಿಗೆಯನ್ನು ಯಾರೂ ನೋಡುವುದಿಲ್ಲ.' ಮಂಗಳವಾರ ಹತ್ತರವರೆಗೂ ಬೇರೆ ಸುದ್ದಿಯಿಲ್ಲ. ಹತ್ತು ಗಂಟೆ ಒಂದು ನಿಮಿಷಕ್ಕೆ ತಾವು ಒಪ್ಪಿಕೊಂಡಿರಿ. ತಮಗೆ ಅದರ ಅರಿವೇ ಆಗದಿದ್ದರೆ ಗಾಬರಿಪಡಬೇಡಿ. ಆ ಸ್ಥಿತಿಯಲ್ಲಿ ಒಪ್ಪಿಗೆ ಕೊಟ್ಟ ಅನುಭವ ನನಗೂ ಇದೆ, ಕ್ರಮೇಣ ಅಭ್ಯಾಸವಾಗುತ್ತದೆ.

ಕರಾರಿನ ಆ ಪುಟವನ್ನೂ ನನ್ನ ಪ್ರಸ್ತಾವವನ್ನೂ ತಮ್ಮ ಸಂದೇಶವನ್ನೂ ಗುಮಾಸ್ತರ ಮುಂದಿಟ್ಟೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಕಾಯಿದೆ ಪ್ರಕಾರ ನಾನಿದನ್ನ ಮೇಲಿನವರಿಗೆ ಕಳಿಸಬೇಕು ಮೇಡಂ. ಅವರು ಉತ್ತರ ಕೊಡೋಕೆ ಎರಡು ತಿಂಗಳಾಗುತ್ತೆ. ಅಲ್ಲಿವರೆಗೆ ತಡೆ ಹಾಕಿರ್ತೀನಿ" ಎಂದು ಮೊಹರನ್ನು ಎತ್ತಿ, ನಾಲ್ಕು ತಿಂಗಳಿಗಾಗುವಷ್ಟು ಜೋರಾಗಿ ಒತ್ತಿದರು. ಮೊಹರಿನ ಪ್ರತಿಯನ್ನು ತಮ್ಮ ಅವಗಾಹನೆಗಾಗಿ ಲಗತ್ತಿಸಿದ್ದೇನೆ. ಒಂದನೇ ತಾರೀಕು ತಾವು ಬಂದಾಗ ಬಾಗಿಲಿಗೆ ಬೀಗವಿದ್ದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಒಳಗೇ ಇರುತ್ತೇನೆ, ಉಸಿರಾಡುತ್ತಾ.

ಈ ಬಾರಿ ಪೂರ್ಣ ಎಚ್ಚರದಲ್ಲಿದ್ದು, ಸ್ವಂತ ಕೈಯಿಂದ ಸಹಿ ಮಾಡುತ್ತಿರುವ,
ತಮ್ಮ ವಿಶ್ವಾಸಿ,
ಚಿನ್ನದ ಗ್ರಾಹಕಿ

ಮರೆತ ಮಾತು: ಬ್ಯಾಂಕಿನ ಸಾಲಿನಲ್ಲಿ ನನ್ನ ಹಿಂದೆ ಒಬ್ಬ ಬಸ್ ಕಂಡಕ್ಟರು, ಇಬ್ಬರು ನರ್ಸಮ್ಮಂದಿರು, ಒಬ್ಬ ಗಣಿತದ ಮೇಷ್ಟ್ರು ನಿಂತಿದ್ದರು. ಮೊಹರಿನ ಸದ್ದಿಗೆ ಕತ್ತು ಚಾಚಿ ನೋಡಿದವರು ಆಮೇಲೆ ತಂತಮ್ಮ ಫೋನು ತೆಗೆದು ತೋರಿಸಿದರು. ನಾಲ್ವರೂ ತಮ್ಮ ಗೆಳತಿಯರೇ, ಗೆಳೆಯರೇ. ಮೇಷ್ಟ್ರಂತೂ ನನಗಿಂತ ಮೇಲಿನವರು, ವಜ್ರದ ಗ್ರಾಹಕರು. ಅವರೆಲ್ಲರ ಪ್ರಸ್ತಾವಗಳು ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಪೆಟ್ಟಿಗೆ ತಲುಪಲಿವೆ. ಕರಡು ನಾನೇ ತಿದ್ದಿದ್ದೇನೆ. ಉತ್ತರಿಸಲು ಅವಸರವೇನಿಲ್ಲ, ನಿಧಾನವಾಗಿ ನೋಡಿ.