ಆರನೇ ಮಹಡಿಯ ಪಾರಿವಾಳ

ಗಂಡ: ಇದು ಯಾಕೆ ಬೆಚ್ಚಗಿದೆ?

ಹೆಂಡತಿ: ನಿಮ್ಮ ಕೈ ಬೆಚ್ಚಗಿರಬೇಕು.

ಗಂಡ: ನನ್ನ ಕೈ ತಣ್ಣಗಿದೆ. ಬೇಕಾದ್ರೆ ಮುಟ್ಟಿ ನೋಡು.

ಹೆಂಡತಿ: ಹೌದಲ್ಲ. ಹಾಗಾದ್ರೆ ಅದು ಬೆಚ್ಚಗಿರೋದಲ್ಲ, ನಿಮ್ಮ ಕೈ ತಣ್ಣಗಿರೋದು. ರಕ್ತದ ಓಡಾಟ ಸರಿಯಿಲ್ಲ. ಎರಡು ರೌಂಡು ನಡೆದು ಬನ್ನಿ.

ಗಂಡ: ನನ್ನನ್ನ ನೋಡಬೇಡ ನರ್ಸಮ್ಮ, ಕಾರ್ಟ್ರಿಡ್ಜ್ ನೋಡು. ಎರಡು ವರ್ಷದಿಂದ ಬೀರು ಒಳಗೆ ಮಲಗಿರೋ ವಸ್ತು ಹೀಗೆ ಆಗಷ್ಟೇ ಇಸ್ತ್ರಿ ಮಾಡಿದ ಅಂಗಿ ಥರ ಇದ್ರೆ ಏನರ್ಥ?

ಭಾನುವಾರ ಬೆಳಿಗ್ಗೆ ಹತ್ತೂಮುಕ್ಕಾಲು. ಗಂಡನದು ಕನ್ನಡಕದ ಅಂಗಡಿ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ಅವನದೇ ಒಂದು ಗಾಜಿನ ಬೀರು ಇದೆ. ಅದರಲ್ಲಿ ಹಳೆಯ ವಿಡಿಯೋ ಗೇಮುಗಳ ನಲವತ್ತೊಂದು ಕಾರ್ಟ್ರಿಡ್ಜುಗಳು ಸಾಲಾಗಿ ನಿಂತಿವೆ. ಅಂಗಡಿಗಳಲ್ಲಿ ಸಿಗುತ್ತಿದ್ದ ಮಾಮೂಲಿ ಮಾಲಲ್ಲ. ಆಟ ಮಾರುಕಟ್ಟೆಗೆ ಬರುವ ಮುಂಚೆ ಕಂಪನಿಯವರು ತಾವೇ ಆಡಿ ನೋಡಲೆಂದು ಮಾಡಿಕೊಂಡ ಒಂದೊಂದೇ ಮಾದರಿಗಳು. ಈಗ ಅವನ ಕೈಯಲ್ಲಿರುವುದು ಆ ನಲವತ್ತೊಂದರ ರಾಜ. ‘ಕಿಟಕಿ ಒರೆಸುವವನು’ ಎಂಬ ಆಟ. ಮೇಲಿನ ಮುಚ್ಚಳವೂ ಇಲ್ಲದ ಬೋಳು ಹಲಗೆ, ಅದರ ಮೇಲೆ ನಾಲ್ಕು ಎಲೆಕ್ಟ್ರಾನಿಕ್ ಚಿಪ್‌ಗಳು. ಆಟ ಹೊರಬರುವ ಮೊದಲೇ ಕಂಪನಿ ಮುಚ್ಚಿಹೋದದ್ದರಿಂದ ಇದೊಂದೇ ಉಳಿದಿದೆ ಎಂದು ಅವನ ನಂಬಿಕೆ. ಆ ಆಟದ ಪ್ರೋಗ್ರಾಂ ಬರೆದವರೇ ಹನ್ನೊಂದಕ್ಕೆ ಬಂದು ಅಸಲಿಯೋ ನಕಲಿಯೋ ಹೇಳುವವರಿದ್ದರು.

ಹೆಂಡತಿ: ಬಿಸಿಲಿಗೆ ಇಟ್ಟಿದ್ದೆ.

ಗಂಡ: ಏನಂದೆ?

ಹೆಂಡತಿ: ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ. ಬೀರುವಿನೊಳಗೆ ಮುಗ್ಗಲು ವಾಸನೆ ಬರ್ತಿತ್ತು. ಸ್ವಲ್ಪ ಗಾಳಿಯಾಡಲಿ ಅಂತ.

ಗಂಡ: ಈ ಚಿಪ್‌ನ ಮೇಲೆ ಗಾಜಿನ ಪುಟ್ಟ ಕಿಂಡಿ ಕಾಣ್ತಿದೆಯಾ? ಇದಕ್ಕೆ ಬಿಸಿಲು ತಾಗಬಾರದು. ತಾಗ್ತಾ ತಾಗ್ತಾ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಎಷ್ಟು ಹೊತ್ತು ಇಟ್ಟಿದ್ದೆ?

ಹೆಂಡತಿ: ಜಾಸ್ತಿ ಇಲ್ಲ. ಮುಕ್ಕಾಲು ಗಂಟೆ.

ಗಂಡ: ಸದ್ಯ. ಒಂದು ಸಲ ಮುಕ್ಕಾಲು ಗಂಟೆಗೆ ಏನೂ ಆಗಲ್ಲ.

ಹೆಂಡತಿ: ಒಂದು ಸಲ ಅಂತಲ್ಲ.

ಗಂಡ: ಮತ್ತೆ?

ಹೆಂಡತಿ: ಡ್ಯೂಟಿ ಮುಗಿಸಿ ಬಂದ ಮೇಲೆ. ದಿನಾ.

ಗಂಡ: ದಿನಾ ಅಂದ್ರೆ?

ಹೆಂಡತಿ: ಸೋಮವಾರದಿಂದ ಶನಿವಾರದವರೆಗೆ. ಇವತ್ತೊಂದು ಭಾನುವಾರ ಹೆಚ್ಚಿಗೆ. ಹದಿನಾಲ್ಕು ತಿಂಗಳಿಂದ.

ಗಂಡ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕುಳಿತ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಹೋದ ಹೆಂಡತಿಗೆ, ನಿಜಕ್ಕಿಂತ ಹತ್ತು ಪಾಲು ದೊಡ್ಡ ತಪ್ಪನ್ನು ತಾನೇ ತಲೆ ಮೇಲೆ ಎಳೆದುಕೊಂಡದ್ದು ಆಗ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಹತ್ತಿ ಸೀರೆಯುಟ್ಟ, ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬರು ನಿಂತಿದ್ದರು.

ಗಂಡ: ಇವತ್ತು ರಜಾ, ಅಮ್ಮಾ. ನಾಳೆ ಅಂಗಡಿಗೆ ಬನ್ನಿ, ಕಣ್ಣು ನೋಡ್ತೀನಿ.

ಹೆಂಗಸು: ನನ್ನ ಕಣ್ಣು ಚೆನ್ನಾಗಿದೆ.

ಗಂಡ: ಎಲ್ಲರೂ ಹಾಗೇ ಅಂತಾರೆ. ಫ್ರೇಮು ಎಡಕ್ಕೆ ವಾಲಿದೆ. ನಿಮಗೆ ಬಾಗಿಲು ಓರೆಯಾಗಿ ಕಾಣ್ತಿರಬೇಕು.

ಹೆಂಗಸು: ಬಾಗಿಲು ನೆಟ್ಟಗಿದೆ, ನೀವೇ ಓರೆಯಾಗಿ ನಿಂತಿದ್ದೀರಿ. ಸಂಗ್ರಾಹಕರ ಪತ್ರಿಕೆಯಲ್ಲಿ ನಿಮ್ಮ ಪ್ರಕಟಣೆ ನೋಡಿ ಕಾಗದ ಬರೆದಿದ್ದೆ. ‘ಕಿಟಕಿ ಒರೆಸುವವನು’ ಬರೆದಿದ್ದು ನಾನು.

ಗಂಡ: ನೀವಾ? ಕಾಗದದಲ್ಲಿ ಬರೀ ಇನಿಷಿಯಲ್ ಇತ್ತು. ನಾನು ಯಾರೋ ಗಂಡಸರು ಅಂದ್ಕೊಂಡಿದ್ದೆ.

ಹೆಂಗಸು: ಆಗ ನಮ್ಮ ಕಂಪನಿಯವರೂ ಹಾಗೇ ಅಂದ್ಕೊಂಡು ಕೆಲಸಕ್ಕೆ ತಗೊಂಡ್ರು. ಬಂದ ಮೇಲೆ ವಾಪಸ್ ಕಳಿಸೋಕೆ ಸಂಕೋಚ ಆಯ್ತು ಅವರಿಗೆ.

ಆ ಕಂಪನಿ ಮುಚ್ಚಿದ ಮೇಲೆ ಆಕೆ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾಗಿದ್ದರು. ಹಾಗಾಗಿ ಒಳಗೆ ಬಂದು ಕೂರುವಷ್ಟರಲ್ಲಿ ಇಬ್ಬರ ಬಾಯಲ್ಲೂ ‘ಮೇಡಂ’ ಆಗಿಬಿಟ್ಟರು.

ಗಂಡ: ಮೇಡಂ, ಹೇಗೆ ಹೇಳಲಿ. ನೀವು ಅಷ್ಟು ದೂರದಿಂದ ಬಂದ್ರಿ. ಆಟ ಹೋಗಿಬಿಟ್ಟಿದೆ.

ಮೇಡಂ: ಎಲ್ಲಿಗೆ?

ಗಂಡ: ಬಿಸಿಲಲ್ಲಿ ಅಳಿಸಿಹೋಗಿದೆ. ಒಂದಕ್ಷರ ಉಳಿದಿರಲ್ಲ.

ಮೇಡಂ: ಪೂರ್ತಿ ಹೋಗಿದೆಯಾ? ಮೇಲಿಂದ ಕೆಳಗಿನವರೆಗೆ?

ಗಂಡ: ಪೂರ್ತಿ.

ಮೇಡಂ: ಅಬ್ಬಾ, ನಿರಾಳವಾಯ್ತು.

ಗಂಡ: ನಿರಾಳ ಅಂದ್ರಾ?

ಮೇಡಂ: ಸಂಕಟ ಅಂತ ಹೇಳಬೇಕಾಗಿತ್ತು. ಸಂಕಟವಾಯ್ತು. ಒಂದು ಲೋಟ ನೀರು ಕೊಡ್ತೀರಾ, ಕುಡಿದು ಹೊರಡ್ತೀನಿ. ನಮ್ಮ ಮನೆಯವರು ಕಾರು ನಿಲ್ಲಿಸೋಕೆ ಜಾಗ ಹುಡುಕ್ತಾ ಇದ್ದಾರೆ. ಹುಡುಕೋದು ಬೇಡ ಅಂತ ಫೋನ್ ಮಾಡ್ತೀನಿ.

ಗಂಡ ನೀರು ತರಲು ಎದ್ದವನು ಬೀರುವಿನ ಮುಂದೆ ನಿಂತುಬಿಟ್ಟ. ಅವನ ಬೆನ್ನು ನೋಡಿದರೆ ಸಾಕಿತ್ತು, ಮುಖ ನೋಡುವ ಅಗತ್ಯವಿರಲಿಲ್ಲ. ಹೆಂಡತಿಗೆ ತಡೆಯಲಾಗಲಿಲ್ಲ.

ಹೆಂಡತಿ: ಅಳಿಸಿಲ್ಲ ರೀ.

ಗಂಡ: ಸಮಾಧಾನ ಹೇಳಬೇಡ.

ಹೆಂಡತಿ: ಸಮಾಧಾನ ಅಲ್ಲ. ಈಗ ಅರ್ಧ ಗಂಟೆ ಹಿಂದೆ, ನೀವು ಸ್ನಾನಕ್ಕೆ ಹೋಗಿದ್ದಾಗ ಆರನೇ ಮಹಡಿ ತನಕ ಹೋಗಿದ್ದೆ.

ಗಂಡ: ನಮ್ಮದು ಮೂರೇ ಮಹಡಿ ಕಟ್ಟಡ.

ಹೆಂಡತಿ: ಆಟದೊಳಗಿನ ಆರನೇ ಮಹಡಿ. ಬಿಸಿಲಿಗೆ ಇಟ್ಟಿದ್ದೆ ಅಂದಿದ್ದು ಸುಳ್ಳು. ಕಾರ್ಟ್ರಿಡ್ಜ್ ಬಿಸಿಯಾಗಿದ್ದು ಆಡಿ ಆಡಿ.

ಗಂಡ: ಹದಿನಾಲ್ಕು ತಿಂಗಳಿಂದ?

ಹೆಂಡತಿ: ವಾರ್ಡಲ್ಲಿ ಹಗಲೆಲ್ಲ ನಿಂತು ಬಂದಿರ್ತೀನಿ. ಅಲ್ಲಿ ಯಾವುದೂ ನನ್ನ ಕೈಯಲ್ಲಿಲ್ಲ. ಇಲ್ಲಿ ಒಂದು ಕಿಟಕಿ ಒರೆಸಿದ್ರೆ ಒಂದು ಕಿಟಕಿ ಚೊಕ್ಕವಾಗುತ್ತೆ.

ಗಂಡ: ನನ್ನನ್ನೂ ಕರೀಬಹುದಿತ್ತಲ್ಲ.

ಹೆಂಡತಿ: ನಿಮ್ಮನ್ನ? ಬೀರುವಿನ ಹತ್ತಿರ ಸೀನಿದ್ರೆ ಎರಡು ದಿನ ಮಾತು ಬಿಡ್ತೀರಿ.

ಗಂಡ: ಒಂದೇ ದಿನ. ಅದೂ ನೀನು ಎರಡು ಸಲ ಸೀನಿದ್ದೆ.

ಮೇಡಂ ಅಷ್ಟರಲ್ಲಿ ಕುರ್ಚಿಯ ತುದಿಗೆ ಸರಿದಿದ್ದರು.

ಮೇಡಂ: ಆರನೇ ಮಹಡಿ ಅಂದ್ರಲ್ಲ. ಏಳನೇದಕ್ಕೆ ಹೋಗಿದ್ದೀರಾ?

ಹೆಂಡತಿ: ಅದನ್ನೇ ನಿಮ್ಮನ್ನ ಕೇಳಬೇಕು ಅಂತಿದ್ದೆ. ಆರನೇ ಮಹಡಿಯ ಮೂರನೇ ಕಿಟಕಿ ಮಾಡಿದ್ದು ನೀವೇನಾ?

ಮೇಡಂ: ನಾನೇ.

ಹೆಂಡತಿ: ಆ ಪಾರಿವಾಳನೂ ನಿಮ್ಮದೇನಾ?

ಮೇಡಂ: ನನ್ನದೇ.

ಹೆಂಡತಿ: ಏಳು ತಿಂಗಳಾಯ್ತು ಮೇಡಂ. ಒರೆಸ್ತೀನಿ, ಬಂದು ಗಲೀಜು ಮಾಡುತ್ತೆ. ಮತ್ತೆ ಒರೆಸ್ತೀನಿ, ಬಕೆಟ್ ಒದ್ದು ಬೀಳಿಸುತ್ತೆ. ಓಡಿಸಿದ್ರೆ ಇನ್ನೊಂದನ್ನ ಕರ್ಕೊಂಡು ಬರುತ್ತೆ. ಒಂದು ಹಕ್ಕಿಗೆ ಅಷ್ಟೊಂದು ಹಟ ಯಾಕೆ ಕೊಟ್ರಿ?

ಮೇಡಂ: ಹಟ ಅಲ್ಲಮ್ಮ, ನನ್ನ ತಪ್ಪು. ಲೆಕ್ಕದಲ್ಲಿ ಒಂದು ಕಡೆ ಕೂಡೋ ಬದಲು ಕಳೆದಿದ್ದೆ. ಅದಕ್ಕೇ ಆ ಪಾರಿವಾಳ ಹೋಗಲ್ಲ. ಅದು ನನಗೆ ಗೊತ್ತಾಗೋ ಹೊತ್ತಿಗೆ ಕಂಪನಿಗೆ ಬೀಗ ಬಿದ್ದು ವರ್ಷಗಳಾಗಿದ್ವು.

ಹೆಂಡತಿ: ಅಂದ್ರೆ ಏಳನೇ ಮಹಡಿಗೆ ಯಾರೂ ಹೋಗೋಕೇ ಆಗಲ್ವಾ?

ಮೇಡಂ: ಆಗಲ್ಲ. ಬಹಳ ಒಳ್ಳೇದಾಯ್ತು. ನಾನು ಬರ್ಲಾ?

ಗಂಡ: ಕೂತ್ಕೊಳ್ಳಿ ಮೇಡಂ. ಅಸಲಿಯೋ ನಕಲಿಯೋ ಒಮ್ಮೆ ನೋಡಿ ಹೇಳಿ. ಲೇ, ಹಾಕು. ನಿಧಾನಕ್ಕೆ ಹಾಕು.

ಹೆಂಡತಿ ಎದ್ದು ಕಣ್ಣು ಮುಚ್ಚಿಯೂ ಮಾಡಬಲ್ಲಳೆಂಬಂತೆ ಕಾರ್ಟ್ರಿಡ್ಜನ್ನು ಟಿವಿ ಪಕ್ಕದ ಆಟದ ಪೆಟ್ಟಿಗೆಯಲ್ಲಿ ಒತ್ತಿ ಕೂರಿಸಿ, ಟಿವಿ ಹಾಕಿದಳು. ಟೊಪ್ಪಿಗೆ ಹಾಕಿದ ಪುಟ್ಟ ಮನುಷ್ಯನೊಬ್ಬ ಬಕೆಟ್ ಹಿಡಿದು ಗೋಡೆ ಹತ್ತತೊಡಗಿದ. ಎರಡು ವರ್ಷದಿಂದ ತಾನು ಕಾಪಾಡಿಕೊಂಡು ಬಂದದ್ದು ಏನೆಂಬುದನ್ನು ಗಂಡ ಅಂದೇ ಮೊದಲ ಸಲ ನೋಡಿದ್ದು. ಇಪ್ಪತ್ತು ನಿಮಿಷದಲ್ಲಿ ಆರನೇ ಮಹಡಿ ಬಂತು. ಪಾರಿವಾಳವೂ ಬಂತು.

ಹೆಂಡತಿ: ನೋಡಿದ್ರಾ? ತಗೊಳ್ಳಿ, ನೀವೇ ಓಡಿಸಿ ನೋಡಿ.

ಗಂಡ: ನನ್ನ ಕೈಗೆ ಕೊಡಬೇಡ. ಏನು ಒತ್ತಲಿ?

ಹೆಂಡತಿ: ಏನಾದ್ರೂ ಒತ್ತಿ.

ಗಂಡ: ಒತ್ತಿ ಏನಾದ್ರೂ ಆದ್ರೆ?

ಅವನು ಆಟ ಆಡಿಸುವ ರಿಮೋಟನ್ನು ಎರಡು ಅಂಗೈಗಳ ಮಧ್ಯೆ ಹಸುಗೂಸಿನಂತೆ ಹಿಡಿದು ಕುಳಿತ. ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಪಾರಿವಾಳ ಬಕೆಟ್ಟಿನ ಅಂಚಿನಲ್ಲಿ ಕೂತು ಅತ್ತ ನೋಡಿತು, ಇತ್ತ ನೋಡಿತು. ಮೂರನೇ ನಿಮಿಷಕ್ಕೆ ಬೇಸರ ಬಂದಂತೆ ಎದ್ದು ಹಾರಿಹೋಯಿತು.

ಹೆಂಡತಿ: ಹೋಯ್ತು. ರೀ, ಹೋಯ್ತು. ಏನು ಮಾಡಿದ್ರಿ?

ಗಂಡ: ದೇವರಾಣೆ ಏನೂ ಮಾಡಿಲ್ಲ.

ಮೇಡಂ: ಆರಿಸಿ. ಸಾಕು, ಅಸಲಿ ಅಂತ ಬರೆದು ಕೊಡ್ತೀನಿ, ಟಿವಿ ಆರಿಸಿ.

ಆದರೆ ಏಳು ತಿಂಗಳು ಕಾದವಳ ಕೈ ಅಷ್ಟರಲ್ಲಿ ರಿಮೋಟಿಗೆ ಹೋಗಿಯಾಗಿತ್ತು. ಏಳನೇ ಮಹಡಿಯಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಕಿಟಕಿ. ಪುಟ್ಟ ಮನುಷ್ಯ ಒರೆಸುತ್ತ ಹೋದಂತೆ ಗಾಜಿನ ಮೇಲೆ ಅಕ್ಷರ ಮೂಡಿದವು. ಹೆಂಡತಿ ಗಟ್ಟಿಯಾಗಿ ಓದಿದಳು.

ಹೆಂಡತಿ: “ಮ್ಯಾನೇಜರ್ ಅವರಿಗೆ. ನಿಮ್ಮ ಕೈಕೆಳಗೆ ಇನ್ನೊಂದು ದಿನವೂ ಇರುವುದು ನನ್ನಿಂದಾಗದು. ಇದನ್ನೇ ನನ್ನ ರಾಜೀನಾಮೆ ಎಂದು ತಿಳಿಯಬೇಕು.”

ಗಂಡ: ಕೆಳಗೆ ತಾರೀಖೂ ಇದೆ, ಸಹೀನೂ ಇದೆ. ಮೇಡಂ, ಇದಕ್ಕಿಂತ ಸಾಕ್ಷಿ ಬೇಕಾ? ಪತ್ರಿಕೆಯ ಮುಖಪುಟಕ್ಕೆ ಹಾಕಿಸ್ತೀನಿ.

ಮೇಡಂ: ಹಾಕಿಸಿದ್ರೆ ನನ್ನ ಸಂಸಾರ ಹೋಯ್ತು. ಆ ಮ್ಯಾನೇಜರೇ ನಮ್ಮ ಮನೆಯವರು.

ಗಂಡ ಹೆಂಡತಿ ಇಬ್ಬರೂ ಒಮ್ಮೆ ಟಿವಿ ನೋಡಿದರು, ಒಮ್ಮೆ ಮೇಡಂ ಮುಖ ನೋಡಿದರು.

ಹೆಂಡತಿ: ಇಷ್ಟೆಲ್ಲ ಬರೆದು ಮತ್ತೆ ಅವರನ್ನೇ?

ಮೇಡಂ: ಎದುರು ನಿಂತು ಹೇಳೋಕೆ ಧೈರ್ಯ ಇರಲಿಲ್ಲ. ಪೂರ್ತಿ ಆಡಿ ನೋಡಿ ಒಪ್ಪಿಗೆ ಕೊಡೋದು ಅವರ ಕೆಲಸ, ಕೊನೆಗೆ ಬಂದಾಗ ಓದ್ಕೋತಾರೆ ಅಂತ ಅಲ್ಲಿ ಬರೆದೆ. ಮರುದಿನ ಕರೆದು, ಕೊನೇತನಕ ಆಡಿದೆ, ಆ ಕೊನೇದಂತೂ ಮನಸ್ಸಿಗೆ ತಟ್ಟಿತು ಅಂದ್ರು. ಬೈಸಿಕೊಂಡು ಮನಸ್ಸಿಗೆ ತಟ್ಟಿತು ಅನ್ನೋ ಮನುಷ್ಯ ಕೆಟ್ಟವನಿರಲಾರ ಅಂತ ನಾನು ಕೆಲಸ ಬಿಡದೆ ನಿಂತೆ. ಉಳಿದವರೆಲ್ಲ ಬಿಟ್ಟು ಹೋದ್ರು. ನೀನೊಬ್ಬಳೇ ಉಳಿದೆ ಅಂತ ಅವರು ಮದುವೆ ಮಾಡ್ಕೊಂಡ್ರು.

ಹೆಂಡತಿ: ಅವರು ಆಡೇ ಇರಲಿಲ್ಲ.

ಮೇಡಂ: ಮೂರನೇ ಮಹಡಿ ದಾಟಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗೊತ್ತಾಯ್ತು. ಕೊನೇಲಿ ಏನಿತ್ತು ಹೇಳಿ ಅಂದೆ. ಸೂರ್ಯೋದಯ ಅಂದ್ರು. ಅಷ್ಟರಲ್ಲಿ ಅಭ್ಯಾಸ ಆಗಿಹೋಗಿತ್ತು. ಇವತ್ತಿಗೂ ಮನೆಗೆ ಬಂದವರಿಗೆಲ್ಲ ಅದೇ ಕಥೆ ಹೇಳ್ತಾರೆ, ಎಲ್ಲರೂ ಹೋದಾಗ ಇವಳೊಬ್ಬಳು ನನ್ನ ಬಿಡಲಿಲ್ಲ ಅಂತ. ಆ ಮಾತು ಹೇಳುವಾಗ ಮನುಷ್ಯನ ಮುಖ ನೋಡಬೇಕು ನೀವು.

ಗಂಡ: ಮೇಡಂ, ಇಡೀ ಜಗತ್ತಿಗೆ ಒಂದೇ ಇರೋ ವಸ್ತು ಇದು.

ಹೆಂಡತಿ: ಅವರ ಗಂಡನೂ ಒಬ್ಬರೇ ಇರೋದು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕಾರಿನ ಕೀಲಿ ತಿರುಗಿಸುತ್ತ ಎತ್ತರದ ಮುದುಕರೊಬ್ಬರು ತಾವಾಗಿಯೇ ಒಳಗೆ ಬಂದರು. ಗಂಡನಿಗೆ ಯೋಚಿಸಲು ವೇಳೆಯಿರಲಿಲ್ಲ. ತನ್ನ ಜನ್ಮದಲ್ಲಿ ಮೊದಲ ಬಾರಿಗೆ, ಸ್ವಿಚ್ಚನ್ನೂ ಆರಿಸದೆ, ಕಾರ್ಟ್ರಿಡ್ಜನ್ನು ಮೂಲಂಗಿಯಂತೆ ಕಿತ್ತುಬಿಟ್ಟ. ಟಿವಿ ಕಪ್ಪಾಯಿತು.

ಮ್ಯಾನೇಜರ್: ಜಾಗ ಸಿಕ್ತು. ನಾಲ್ಕು ಬೀದಿ ಆಚೆ. ಎಲ್ಲಿ ನಮ್ಮ ಆಟ? ನೋಡಿ ಸ್ವಾಮಿ, ಎಲ್ಲರೂ ಬಿಟ್ಟು ಹೋದಾಗ ಇವಳೊಬ್ಬಳು ನನ್ನ ಬಿಡಲಿಲ್ಲ. ಹೇಳಿದಳಾ?

ಗಂಡ: ಈಗಷ್ಟೇ ಹೇಳಿದ್ರು, ಸಾರ್.

ಮ್ಯಾನೇಜರ್: ಹಾಕಿ, ಒಂದು ಕೈ ನೋಡೋಣ. ಆಗ ಕೊನೇತನಕ ಆಡಿದವನು ನಾನೊಬ್ಬನೇ.

ಬೇಡವೆನ್ನಲು ಯಾರಿಗೂ ಕಾರಣ ಹೊಳೆಯಲಿಲ್ಲ. ಗಂಡ ಬೆವರುತ್ತ ಕಾರ್ಟ್ರಿಡ್ಜನ್ನು ಮತ್ತೆ ಹಾಕಿದ; ಪುಣ್ಯಕ್ಕೆ ಅದಕ್ಕೇನೂ ಆಗಿರಲಿಲ್ಲ. ಹೆಂಡತಿ ಐದು ಮಹಡಿ ಹತ್ತಿಸಿಕೊಟ್ಟಳು, ಆರನೆಯದರಲ್ಲಿ ಮ್ಯಾನೇಜರ್ ರಿಮೋಟ್ ತೆಗೆದುಕೊಂಡರು. ಪಾರಿವಾಳ ಬಕೆಟ್ ಒದೆಯಿತು. ಮತ್ತೆ ಒದೆಯಿತು. ಹತ್ತನೆಯ ಸಲಕ್ಕೆ ಅವರು ರಿಮೋಟನ್ನು ಮಡಿಲಲ್ಲಿಟ್ಟು ಕೈ ಕಟ್ಟಿ ಕೂತರು. ಪಾರಿವಾಳ ಅತ್ತ ಇತ್ತ ನೋಡತೊಡಗಿತು.

ಗಂಡ: ಸುಮ್ಮನೆ ಕೂರಬೇಡಿ ಸಾರ್, ಒತ್ತಿ. ಯಾವುದಾದ್ರೂ ಒತ್ತಿ.

ಮ್ಯಾನೇಜರ್: ಹಾಳಾಗಲ್ವೇನ್ರೀ?

ಗಂಡ: ಹಾಳಾದ್ರೆ ಆಗಲಿ. ಒತ್ತಾ ಇರಿ.

ಹೇಳಿದ್ದು ಸಾಲದೆಂದು ತಾನೇ ಬಗ್ಗಿ, ಅವರ ಮಡಿಲಲ್ಲಿದ್ದ ರಿಮೋಟಿನ ಗುಂಡಿಗಳನ್ನೆಲ್ಲ ಹೆಬ್ಬೆರಳಲ್ಲಿ ಟಪಟಪ ಕುಟ್ಟಿದ. ಪಾರಿವಾಳ ಮತ್ತೆ ಬಕೆಟ್ ಒದೆಯಿತು. ಮೇಡಂ ಉಸಿರು ಬಿಟ್ಟರು.

ಮ್ಯಾನೇಜರ್: ಇದರಲ್ಲಿ ಏನೋ ದೋಷ ಇದೆ ಕಣೇ. ಹೀಗಿದ್ರೆ ಯಾರು ತಾನೇ ಮೇಲೆ ಹೋಗ್ತಾರೆ?

ಮೇಡಂ: ಸೋಮವಾರ ಆಫೀಸಿಗೆ ಬಂದು ಸರಿ ಮಾಡ್ತೀನಿ, ಸಾರ್.